ಸರ್ವಾಂಗಾಸನದ ಪ್ಯಾಂಟು

ಮದುವೆಯಾಗಿ ಅಂಧೇರಿಗೆ ಬಂದ ಹೊಸತು. ಆಫೀಸಿನ ಯೋಗ ಕ್ಲಾಸಿಗೆಂದು ಮಲಾಡ್ ಮಾರ್ಕೆಟ್ಟಿನಲ್ಲಿ ಹಿಗ್ಗುವ ಬಟ್ಟೆಯ ಬೆಲ್‌ಬಾಟಮ್ ಕೊಂಡು, ಅತ್ತೆಗೆ ಹೆದರಿ ಸೀರೆಗಳಡಿ ಬಚ್ಚಿಟ್ಟಿದ್ದೆ. ಸೊಸೆ ಪ್ಯಾಂಟು ಹಾಕುವ ಮನೆಯಲ್ಲ ಅದು.

ಭಾನುವಾರ ಕೋಣೆಯ ಚಿಲಕ ಹಾಕಿ, ಅದನ್ನು ತೊಟ್ಟು ಸರ್ವಾಂಗಾಸನ ಮಾಡಿದೆ. ಕಾಲು ಮೇಲೆ ಹೋದದ್ದೇ ಅಗಲದ ಅಂಚು ಮೊಣಕಾಲಿಗೆ ಜಾರಿತು. ಗಂಡಸರೂ ಬರುವ ಕ್ಲಾಸು! ಅಷ್ಟರಲ್ಲೇ ಯಾರೋ ಬಾಗಿಲು ಬಡಿದರು. ಗಡಬಡಿಸಿ ಮೇಲೆ ಸೀರೆ ಸುತ್ತಿಕೊಂಡು ತೆರೆದರೆ, ಅತ್ತೆ. ಅವರ ಕಣ್ಣು ನೆರಿಗೆಯ ಕೆಳಗೆ ಇಣುಕುತ್ತಿದ್ದ ಪ್ಯಾಂಟಿನ ಮೇಲೆಯೇ ನೆಟ್ಟಿತು. ನಾನು ನೆರಿಗೆ ಕೆಳಗೆಳೆದುಕೊಂಡೆ.

ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದ ಮಾವನತ್ತ ನೋಡಿ ಅತ್ತೆ ದನಿ ತಗ್ಗಿಸಿದರು. "ಕೆಳಗೆ ಎಲಾಸ್ಟಿಕ್ ಹಾಕ್ಸು ಕಣೆ. ಕಾಲೆತ್ತಿದ್ರೆ ಜಾರತ್ತೆ. ನಿನ್ನೆ ನೀನು ಆಫೀಸಿಗೆ ಹೋದ್ಮೇಲೆ ಹಾಕ್ಕೊಂಡು ನೋಡ್ದೆ. ನಿಮ್ಮ ಮಾವನ ಕಿವಿಗೆ ಬಿದ್ರೆ ಇಬ್ಬರಿಗೂ ಉಳಿಗಾಲ ಇಲ್ಲ."