ಪುಟ್ಟಿಯ ನೀಲಿ ತುಟಿ, ಜಗಲಿಯ ಲೋಟ

ಮೊದಲು ಕಂಡಿದ್ದು ತುಟಿ. ನೀಲಿ.

ನೇರಳೆ ಹಣ್ಣಿನ ಕಾಲ ಅದು. ನಮ್ಮ ಹುಲಗೋಳದಲ್ಲಿ ಆಗ ಯಾವ ಮಗುವಿನ ಬಾಯಿ ನೋಡಿದರೂ ಅದೇ ಬಣ್ಣ. ಹಾಗಾಗಿ ಅಕ್ಕನ ಮಗಳು ಪುಟ್ಟಿಯ ತುಟಿಯನ್ನು ಯಾರೂ ಎರಡನೇ ಸಲ ನೋಡಲಿಲ್ಲ. ಅದಕ್ಕೂ ಮೊದಲು ತುಸು ಕಪ್ಪಗಿದ್ದದ್ದನ್ನು ಹುಟ್ಟಿನ ಬಣ್ಣವೇ ಅಂದುಕೊಂಡಿದ್ದೆವು. ಅವಳಿಗೆ ಮೂರು ವರ್ಷ. ಅಕ್ಕನಿಗೆ ಶಿರಸಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಆರು ತಿಂಗಳಿಂದ ಇಬ್ಬರೂ ನಮ್ಮಲ್ಲೇ ಇದ್ದರು. ಪುಟ್ಟಿ ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ಇರುವೆ ನೋಡುತ್ತಿದ್ದಾಳೆ ಅಂದುಕೊಂಡೆವು.

ಲಲಿತಕ್ಕ ನಮ್ಮ ಊರಿಗೆ ಬರುವ ನರ್ಸ್. ಯಲ್ಲಾಪುರ ಕಡೆಯ ಸಿದ್ದಿ ಕುಟುಂಬದವರು. ಅವರ ಪೂರ್ವಿಕರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಕರೆತಂದದ್ದಂತೆ. ತಿಂಗಳಿಗೊಮ್ಮೆ ಬಂದು ನಮ್ಮ ಆಯಿಯ, ಅಂದರೆ ಅಮ್ಮನ, ಬಿ.ಪಿ. ನೋಡುತ್ತಿದ್ದರು. ಜಗಲಿಯಲ್ಲೇ. ಚಹಾ ಕೂಡ ಜಗಲಿಯಲ್ಲೇ. ಅವರಿಗೆಂದು ಬೇರೆ ಸ್ಟೀಲ್ ಲೋಟ ಇತ್ತು. ಕುಡಿದು, ತಾವೇ ತೊಳೆದು, ಜಗಲಿಯ ತುದಿಯಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ಆಯಿಯ ತೋಳಿಗೆ ಪಟ್ಟಿ ಸುತ್ತುವವರು ಹೊಸಿಲು ಮಾತ್ರ ದಾಟುತ್ತಿರಲಿಲ್ಲ. ದಾಟಬೇಡಿ ಎಂದು ಯಾರೂ ಹೇಳಿರಲಿಲ್ಲ. ಬನ್ನಿ ಎಂದೂ ಹೇಳಿರಲಿಲ್ಲ.

ಒಂದು ದಿನ ಪುಟ್ಟಿ ಬೆಕ್ಕಿನ ಹಿಂದೆ ಜಗಲಿಗೆ ಓಡಿಬಂದು ಕುಕ್ಕರಿಸಿದಳು. ಲಲಿತಕ್ಕ ಅವಳ ಬೆರಳು ಹಿಡಿದು ಉಗುರು ನೋಡಿದರು.

"ನೇರಳೆಹಣ್ಣು ತಿಂದು ಹಾಂಗೆ ಮಾಡ್ಕಂಜು. ಎಂತದೂ ಆಜಿಲ್ಲೆ," ಅಂದಳು ಆಯಿ.

"ಹಣ್ಣು ತಿಂದ್ರೆ ಉಗುರು ನೀಲಿ ಆಗೂದಿಲ್ಲ ಅಮ್ಮಾ. ಆರು ತಿಂಗಳಿಂದ ಇವಳ ದನಿ ಕೇಳ್ತಾ ಇದ್ದೆ. ಕೈ ಹಿಡಿದದ್ದು ಇವತ್ತೇ."

ಬ್ಯಾಗಿನಿಂದ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ತೆಗೆದು ಬೆರಳಿಗೆ ಸಿಕ್ಕಿಸಿದರು.

ಎಪ್ಪತ್ನಾಲ್ಕು. ತೊಂಬತ್ತೈದರ ಮೇಲೆ ಇರಬೇಕಿತ್ತಂತೆ.

ಶಿರಸಿ, ಆಮೇಲೆ ಬಸ್ಸಲ್ಲಿ ಹುಬ್ಬಳ್ಳಿ. ಎಕೋ ಮಾಡಿದರು. ಹೃದಯದಲ್ಲಿ ತೂತು ಇದೆ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದಾಗಿದೆ, ಆಪರೇಷನ್ ಆಗಲೇಬೇಕು ಎಂದರು ಡಾಕ್ಟರ್. ಇನ್ನೂ ಬೇಗ ಬರಬೇಕಿತ್ತು ಎಂದೂ ಹೇಳಿದರು.

ನಾನು ಮೊಬೈಲ್ ರಿಪೇರಿಯವನು. ಅದನ್ನೂ ವಿಡಿಯೋ ನೋಡಿಯೇ ಕಲಿತವನು. ಪುಟ್ಟಿಯ ಕಾಯಿಲೆಯನ್ನೂ ಹಾಗೇ ಹುಡುಕಿದೆ. ಹುಡುಕುವಾಗ ಅಮೆರಿಕದ ಒಂದು ಸಿನಿಮಾ ಸಿಕ್ಕಿತು. ನೀಲಿ ಮಕ್ಕಳ ಹೃದಯಕ್ಕೆ ಮೊದಮೊದಲು ಆಪರೇಷನ್ ಮಾಡಿದವರ ಕಥೆ. ಡಾಕ್ಟರು ಬಿಳಿಯ, ಜೊತೆಗಾರ ಕರಿಯ. ಆಪರೇಷನ್ ಹೇಗೆ ಎಂದು ಲ್ಯಾಬಲ್ಲಿ ಕೈಯಾರೆ ಮಾಡಿ ಕಂಡುಕೊಂಡವನು ಜೊತೆಗಾರ. ಹೆಸರು ಬಂದದ್ದು ಡಾಕ್ಟರದ್ದು. ನನಗೆ ಸಿಟ್ಟು ಬಂತು. ಎಂಥಾ ಜನ ಎಂದು ಅದರ ಕೆಳಗೆ ಉದ್ದಕ್ಕೆ ಕಮೆಂಟ್ ಬರೆದೆ. ಆಪರೇಷನ್ನಿನ ಹಿಂದಿನ ದಿನ ಅಕ್ಕನಿಗೆ ಧೈರ್ಯ ಬರಲಿ ಎಂದು ವಾರ್ಡಿನಲ್ಲಿ ಫೋನ್ ಹಿಡಿದು, ಮಾತು ಮಾತಿಗೂ ಕನ್ನಡದಲ್ಲಿ ಹೇಳುತ್ತಾ ತೋರಿಸಿದೆ.

ಅಕ್ಕ ಅರ್ಧದವರೆಗೆ ನೋಡಿದಳು. ಆಮೇಲೆ ಕೇಳಿದಳು, "ಆ ಜೊತೆಗಾರಂಗೆ ಚಾ ಎಲ್ಲಿ ಸಿಕ್ತಿತ್ತೇನ?"

ನಾನು ಸಿನಿಮಾ ನಿಲ್ಲಿಸಿದೆ.

ಆ ಲೋಟಕ್ಕೆ ಎಷ್ಟೋ ಸಲ ಚಹಾ ಬಗ್ಗಿಸಿದವನು ನಾನೇ. ಲಲಿತಕ್ಕನನ್ನು ಒಂದೇ ಒಂದು ದಿನ ಒಳಗೆ ಕರೆದಿದ್ದರೆ ಪುಟ್ಟಿಯ ಉಗುರು ಆಗಲೇ ಕಾಣುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಾಯಿತು.

ಆಪರೇಷನ್ ಆರು ತಾಸು. ಐಸಿಯು ನಾಲ್ಕು ದಿನ. ಗಾಜಿನಾಚೆಯಿಂದ ನೋಡಿದಾಗ ಪುಟ್ಟಿಯ ತುಟಿ ಗುಲಾಬಿ. ಅವಳ ತುಟಿಯ ನಿಜವಾದ ಬಣ್ಣವನ್ನು ನಾವು ನೋಡಿದ್ದು ಅದೇ ಮೊದಲು.

ಮನೆಗೆ ಬಂದ ವಾರಕ್ಕೆ ಲಲಿತಕ್ಕ ಬಂದರು. ಎಂದಿನಂತೆ ಜಗಲಿಯಲ್ಲಿ ಕೂತರು. ನಾನು ಬಾಯಿ ತೆರೆಯುವ ಮೊದಲೇ ಆಯಿ ಬಾಗಿಲಿಗೆ ಬಂದಳು. "ಕೂಸು ಒಳಗಿದ್ದು. ಬಾ."

ಲಲಿತಕ್ಕ ಕೈ ತೊಳೆದು ಒಳಗೆ ಬಂದು ಗಾಯ ನೋಡಿದರು. ಚೆನ್ನಾಗಿ ಒಣಗುತ್ತಿದೆ ಎಂದರು. ಅಡುಗೆಮನೆಯಲ್ಲಿ ಆಯಿ ಚಹಾ ಸೋಸಿ, ಏನನ್ನೋ ಹುಡುಕುವವಳಂತೆ ಲೋಟಗಳ ಮೇಲೆ ಕೈಯಾಡಿಸುತ್ತಿದ್ದಳು.

"ನನ್ನ ಲೋಟ ಹೊರಗೇ ಇದೆ ಅಮ್ಮಾ, ಹುಡುಕಬೇಡಿ," ಎಂದು ಲಲಿತಕ್ಕ ಒಳಗಿಂದಲೇ ನಕ್ಕರು.

ಆಯಿಯ ಮುಖ ಕೆಂಪಾಯಿತು. "ಅದಾ? ಅದು ಈಗ ತುಳಸಿಗೆ ನೀರು ಹಾಕಲೆ ಇಟ್ಟಿದ್ದು," ಎಂದು ಮನೆಯ ಲೋಟಕ್ಕೇ ಬಗ್ಗಿಸಿಕೊಟ್ಟಳು.

"ತುಳಸಿಗೆ?" ಅಕ್ಕ ನನ್ನ ಮುಖ ನೋಡಿದಳು. ಹಸಿ ಸುಳ್ಳು.

ಮೂರು ತಿಂಗಳಿಗೆ ಮತ್ತೆ ಚೆಕಪ್ ಇದೆ. ಮುಂದೆ ಇನ್ನೊಂದು ಆಪರೇಷನ್ ಬೇಕಾಗಲೂಬಹುದು, ಈಗಲೇ ಹೇಳಲಾಗದು ಎಂದಿದ್ದಾರೆ. ಸದ್ಯಕ್ಕೆ ಆಕ್ಸಿಮೀಟರಿನಲ್ಲಿ ತೊಂಬತ್ತಾರು. ಇಷ್ಟು ಸಾಕು.

ಲಲಿತಕ್ಕ ಬಂದುಹೋದ ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದೆ. ಆಯಿ ಸ್ನಾನ ಮುಗಿಸಿ ತುಳಸಿಕಟ್ಟೆಯ ಎದುರು ನಿಂತಿದ್ದಳು. ಕೈಯಲ್ಲಿ ಜಗಲಿಯ ಅದೇ ಲೋಟ. ನನ್ನ ಕಡೆ ತಿರುಗದೆ ನೀರು ಹಾಕಿದಳು.