ದಪ್ಪ ಗಾಜಿನ ಬಾಟ್ಲಿ

ರಾಣೆಬೆನ್ನೂರಿನ ವೈನ್ ಅಂಗಡಿಯಲ್ಲಿ ಕೆಲಸಕ್ಕಿದ್ದವನೊಬ್ಬ ಪ್ರತಿ ಬಾಟ್ಲಿಯನ್ನೂ ಹೆಗಲ ಮೇಲಿನ ವಸ್ತ್ರದಿಂದ ಒರೆಸಿಯೇ ಗಿರಾಕಿಯ ಕೈಗೆ ಕೊಡುತ್ತಿದ್ದ. "ಕುಡಿಯೂದು ಒಳಗಿಂದರಿ, ಬಾಟ್ಲಿ ಅಲ್ಲ" ಎನ್ನುವುದು ಅವನ ಮಾತು.

ಆಗ ನನಗೆ ಮೊದಲ ಮೊಮ್ಮಗಳು ಹುಟ್ಟಿದ್ದಳು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ! ವೈನ್ ಕುಡಿಯುವ ಬೀಗರು ಬರುವವರಿದ್ದರು. ಆ ಅಂಗಡಿಗೆ ಹೋಗಿ ಎಲ್ಲಕ್ಕಿಂತ ಭಾರದ, ದುಬಾರಿ ಬಾಟ್ಲಿಯನ್ನೇ ಎತ್ತಿದೆ.

"ಅಜ್ಜಾರ, ಅದು ಗಾಜಿನ ತೂಕರಿ. ಬ್ಯಾಡಗಿ ಪ್ಯಾಟ್ಯಾಗ ಚೀಲ ನೋಡಿ ಮೆಣಸಿನಕಾಯಿ ತಗೋತೀರೇನು?" ಎಂದು ನಕ್ಕು ಅರ್ಧ ಬೆಲೆಯದನ್ನು ಒರೆಸಿ ಕೊಟ್ಟ. "ಇದರಾಗೂ ಅದೇ ದ್ರಾಕ್ಷಿ ಐತಿ. ಉಳಿದ ರೊಕ್ಕದಾಗ ಕೂಸಿಗೊಂದು ಕುಲಾವಿ ತಗೋರಿ."

ಕುಲಾವಿಯನ್ನೂ ಕೊಂಡೆ. ಬೀಗರು ವೈನ್ ಹೊಗಳಿದರು. ಮರುದಿನ ಪೇಢೆ ಹಿಡಿದುಕೊಂಡು ಅಂಗಡಿಗೆ ಓಡಿದೆ. ಗಲ್ಲಾದ ಮೇಲೆ ಮಾಲಕರಿದ್ದರು, ಪಕ್ಕದಲ್ಲಿ ಅವನು ಬಾಟ್ಲಿ ಒರೆಸುತ್ತಿದ್ದ.

"ಸಾವಕಾರ್ರ, ನಿಮ್ಮ ಮನಶ್ಯಾ ಬಂಗಾರರೀ! ದುಬಾರಿದು ಒಯ್ಯಬ್ಯಾಡ್ರಿ ಅಂತ ತಾನ ಹೇಳಿದ!" ಎಂದು ಗಿರಾಕಿಗಳೆದುರೇ ಕೂಗಿದೆ.

ಅವನ ಒರೆಸುವ ಕೈ ನಿಂತಿತು. "ಸಾಕ್ರಿ ಅಜ್ಜಾರ" ಎಂದ ಮೆಲ್ಲಗೆ. ನಾನು ನಿಲ್ಲಿಸಲಿಲ್ಲ. ಮಾಲಕರು ಪೇಢೆ ಮುಟ್ಟಲಿಲ್ಲ.

ವಾರದ ನಂತರ ಅಲ್ಲಿ ಬೇರೆಯವನಿದ್ದ. "ಅವನ್ನ ಕೆಲಸದಿಂದ ಬಿಡಿಸ್ಯಾರ್ರಿ" ಎಂದು ಹೇಳಿ, ದಪ್ಪ ಗಾಜಿನದನ್ನೇ ನನ್ನ ಮುಂದಿಟ್ಟ.

ತಿಂಗಳ ಮೇಲೆ ಆ ಮೊದಲಿನವನು ಬಸ್ ನಿಲ್ದಾಣದಲ್ಲಿ ಸಿಕ್ಕ. ಹೆಗಲ ಮೇಲೆ ಅದೇ ವಸ್ತ್ರ, ಒರೆಸಲು ಏನೂ ಇರಲಿಲ್ಲ. ಕೆಲಸಕ್ಕಾಗಿ ಹಾವೇರಿ, ಬ್ಯಾಡಗಿ ಎಲ್ಲ ತಿರುಗಿದ್ದನಂತೆ. ದುಬಾರಿ ಮಾಲು ಮಾರಗೊಡುವುದಿಲ್ಲ ಎಂಬ ಮಾಲಕರ ಮಾತು ಎಲ್ಲ ಅಂಗಡಿಗಳಿಗೂ ಅವನಿಗಿಂತ ಮೊದಲೇ ಹೋಗಿ ಮುಟ್ಟಿತ್ತು. ತಪ್ಪಾಯಿತು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ:

"ಕುಲಾವಿ ಸರಿಹೊಂದೇತೇನ್ರಿ ಕೂಸಿಗೆ?"

"ಹೊಂದೇತಪಾ" ಎಂದೆ.