ಗಾಜಿನ ಪೆಟ್ಟಿಗೆಯ ಸಿಂಗಳೀಕ

ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಸತ್ತ ಪ್ರಾಣಿಗಳ ಚರ್ಮ ಸುಲಿದು, ಹದಮಾಡಿ, ಹತ್ತಿ ತುಂಬಿ ನಿಲ್ಲಿಸುತ್ತಿದ್ದವನನ್ನು ಎಲ್ಲರೂ ಹತ್ತಿಯಣ್ಣ ಎಂದೇ ಕರೆಯುತ್ತಿದ್ದರು. ಊರಿನ ಬೆನ್ನಿಗೇ ಬೆಟ್ಟಸಾಲು. ಮಳೆ ಬೀಳುವ ಮಗ್ಗುಲಲ್ಲಿ ಬಿಸಿಲು ನೆಲ ಮುಟ್ಟದ ಕಾಡು, ನೆತ್ತಿಯ ಮೇಲೆ ಬರೀ ಹುಲ್ಲು, ಆಚೆ ಮಗ್ಗುಲಲ್ಲಿ ಒಣ ಮುಳ್ಳುಪೊದೆ. ಅಲ್ಲಿಯ ಕಾಡುಪಾಪ, ಕೆಂದಳಿಲು, ಮಂಗಟ್ಟೆ ಹಕ್ಕಿ ಎಲ್ಲವೂ ಅವನ ಮೇಜು ಹತ್ತಿ ಇಳಿದಿದ್ದವು.

ಒಮ್ಮೆ ಕರೆಂಟ್ ತಂತಿ ತಗುಲಿ ಸತ್ತ ಹೆಣ್ಣು ಸಿಂಗಳೀಕವೊಂದು ಬಂತು. ಎದೆಗೆ ಅಂಟಿಕೊಂಡಿದ್ದ ಮರಿ, ಎಡಗಿವಿ ಸುಟ್ಟಿದ್ದರೂ, ಇನ್ನೂ ಉಸಿರಾಡುತ್ತಿತ್ತು. ಹತ್ತಿಯಣ್ಣ ಅದನ್ನು ಟವೆಲಿನಲ್ಲಿ ಸುತ್ತಿ ಒಯ್ದು, ಮನೆಯಲ್ಲಿದ್ದ ವಿಧವೆ ಅಕ್ಕನ ಮಡಿಲಿಗೆ ಹಾಕಿದ. ಗಂಡ ಹೋದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಂತಿದ್ದ ಅಕ್ಕ ಮರಿಗೆ ಹಾಲು ಕುಡಿಸುತ್ತಾ ದಿನವಿಡೀ ವಟಗುಟ್ಟತೊಡಗಿದಳು.

"ಸ್ನಾನಕ್ಕೂ ಬಿಡಲ್ಲ ಕಣೋ, ಈ ಮುದ್ದುಮೋರೆ," ಎಂದು ದೂರುವಾಗ ಅವಳ ಮುಖ ಅರಳಿರುತ್ತಿತ್ತು.

ಇತ್ತ ತಾಯಿಯನ್ನು ಪ್ಲಾಸ್ಟರಿನ ಬೆಟ್ಟದ ಮುಂದೆ, ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ್ದಾಯಿತು. ಮೇಲಧಿಕಾರಿಗೆ ಸಮಾಧಾನವಾಗಲಿಲ್ಲ.

"ಎದೆ ಖಾಲಿ ಕಾಣುತ್ತಲ್ಲಯ್ಯ. ಮರಿ ನಿಮ್ಮನೇಲೇ ಇದೆಯಂತೆ?"

"ಅದು ಬದುಕಿದೆ ಸಾರ್."

"ಅದಕ್ಕೇನೀಗ? ಆಗಲ್ಲ ಅಂದ್ರೆ ಹೇಳು, ಕೆಲಸ ಗೊತ್ತಿರೋರು ಬೇರೆ ಇದ್ದಾರೆ."

ಮರುದಿನ ಹತ್ತಿಯಣ್ಣ, "ಡಾಕ್ಟರಿಗೆ ತೋರಿಸ್ಕೊಂಡು ಬರ್ತೀನಿ, ಕೊಡು," ಎಂದ. ಕುತ್ತಿಗೆ ತಬ್ಬಿದ್ದ ಮರಿಯ ಬೆರಳುಗಳನ್ನು ಅಕ್ಕ ತಾನೇ ಒಂದೊಂದಾಗಿ ಬಿಡಿಸಿ ಕೊಟ್ಟಳು. ವಸ್ತುಸಂಗ್ರಹಾಲಯದ ಕೋಣೆಯಲ್ಲಿ ಅವನು ಮತ್ತಿನ ಔಷಧಿಯ ಹತ್ತಿಯನ್ನು ಮರಿಯ ಮೂಗಿಗೆ ಒತ್ತಿದಾಗ ಅದು ಅವನ ಹೆಬ್ಬೆರಳನ್ನೇ ಅವುಚಿಕೊಂಡಿತು. ಹಿಡಿತ ಸಡಿಲವಾಗುವ ತನಕ ಅವನು ಗೋಡೆ ನೋಡುತ್ತಾ ನಿಂತ.

"ಡಾಕ್ಟರ ಹತ್ರಾನೇ ಜೀವ ಬಿಟ್ಬಿಡ್ತು. ಅಲ್ಲೇ ಹೂತು ಬಂದೆ," ಎಂದ. ಅಕ್ಕ ಊಟ ಬಿಟ್ಟು ಮಲಗಿದಳು.

ಪ್ರದರ್ಶನ ತೆರೆದ ದಿನ ಜನ ಮುಗಿಬಿದ್ದರು. "ಮರಿಗೆ ಜೀವ ಇದ್ದ ಹಾಗೇ ಇದೆ!" ಎಂದವರ ಮುಂದೆ ಹತ್ತಿಯಣ್ಣ ಉಬ್ಬಿಹೋದ. ಆ ಸುದ್ದಿ ಪಕ್ಕದ ಮನೆಯವಳಿಂದ ಅಕ್ಕನ ಕಿವಿಗೂ ಬಿತ್ತು. ಸಂಜೆ ಅವಳೇ ವಸ್ತುಸಂಗ್ರಹಾಲಯಕ್ಕೆ ಬಂದಳು. ತಾಯಿಯ ಎದೆಗೆ ಹೊಲಿದಿದ್ದ ಮರಿಯ ಎಡಗಿವಿಯಲ್ಲಿ ತಂತಿ ಸುಟ್ಟ ಕಲೆ ಕಂಡಿತು. ದಿನಾ ಎಣ್ಣೆ ಸವರಿದ್ದ ಕಲೆ.

"ನನ್ನ ಕೈಯಿಂದಲೇ ಬಿಡಿಸಿಕೊಂಡೆಯಲ್ಲೋ," ಎಂದಳು.

"ಕೆಲಸ ಹೋಗ್ತಿತ್ತು ಅಕ್ಕ. ಇಬ್ಬರೂ ಬೀದಿಗೆ ಬೀಳ್ತಿದ್ವಿ."

ಅವಳು ಮನೆಗೆ ಹೋಗಿ ಬಟ್ಟೆ ಗಂಟು ಕಟ್ಟಿದಳು. ಯಾವುದೋ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಹಿಡಿದು ಹೋದವಳು ತಮ್ಮನ ಮುಖ ಮತ್ತೆ ನೋಡಲಿಲ್ಲ. ಅವನು ಒಂದೆರಡು ಸಲ ಹಾಸ್ಟೆಲಿನ ಗೇಟಿನ ತನಕ ಹೋಗಿ ಬಂದ, ಆಮೇಲೆ ಅದನ್ನೂ ಬಿಟ್ಟ. ಮುಂದಿನ ವರ್ಷ ಯಾರೋ ಕಾಲು ಮುರಿದ ಜಿಂಕೆಮರಿಯನ್ನು ಜೀವಂತವಾಗಿ ತಂದುಕೊಟ್ಟಾಗ ಮೇಲಧಿಕಾರಿ ಗದರಿಸಬೇಕಾಗಲಿಲ್ಲ. ಹತ್ತಿಯಣ್ಣನೇ ಔಷಧಿಯ ಹತ್ತಿ ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡ.